ಎಂಟನೇ ಆಳು

ಏಳು ಜನರನ್ನು ಕೆಲಸಕ್ಕಿಟ್ಟುಕೊಂಡರೆ ನೀವು ಬೆವರು ಸುರಿಸಿ ದುಡಿಯುವ ಬಡಪಾಯಿ. ಎಂಟನೆಯವನು ಹೊಸ್ತಿಲು ದಾಟಿ ಒಳಗೆ ಬಂದನೋ, ಅವತ್ತಿನಿಂದ ನೀವು ರಕ್ತ ಹೀರುವ ಬಂಡವಾಳಶಾಹಿ. ಇದು ನನ್ನ ತಮಾಷೆಯಲ್ಲ. 1980ರ ದಶಕದ ಚೀನಾದ ಲೆಕ್ಕ.

1981ರಲ್ಲಿ ಅಲ್ಲಿನ ಸರ್ಕಾರ ಒಂದು ನಿಯಮ ಮಾಡಿತು. ಸ್ವಂತ ಕಸುಬಿನವರು ಇಬ್ಬರು ಸಹಾಯಕರನ್ನು, ಕೆಲಸ ಕಲಿಯೋ ಐದು ಮಂದಿಯನ್ನು ಇಟ್ಟುಕೊಳ್ಳಬಹುದು. ಎರಡೂ ಐದೂ ಏಳು. ಯಾಕೆ ಏಳೇ? ಮಾರ್ಕ್ಸ್ ತಮ್ಮ 'ಬಂಡವಾಳ'ದ ಮೊದಲ ಸಂಪುಟದಲ್ಲಿ ಒಂದು ಲೆಕ್ಕ ಬಿಡಿಸಿದ್ದಾರೆ. ಯಜಮಾನ ತನ್ನ ಆಳಿಗಿಂತ ಎರಡು ಪಟ್ಟು ಚೆನ್ನಾಗಿ ಬದುಕಿ, ಬಂದ ಲಾಭದಲ್ಲಿ ಅರ್ಧವನ್ನು ಮತ್ತೆ ಬಂಡವಾಳಕ್ಕೆ ಹಾಕಬೇಕಾದರೆ ಎಂಟು ಆಳು ಬೇಕು ಅಂತ. ಅದು ಸುಮ್ನೆ ಒಂದು ಉದಾಹರಣೆ. 'ರಾಮನ ಹತ್ತಿರ ಎಂಟು ಮಾವಿನಹಣ್ಣಿದ್ದರೆ' ಅಂತ ಮೇಷ್ಟ್ರು ಹೇಳ್ತಾರಲ್ಲ, ಹಾಗೆ. ನೂರು ವರ್ಷ ಕಳೆದ ಮೇಲೆ ಅಧಿಕಾರಿಗಳು ಆ ರಾಮನನ್ನೇ ಹುಡುಕಿಕೊಂಡು ಹೊರಟರು!

ನಮ್ಮಲ್ಲಿ ಶನಿ ಹಿಡಿಯೋದು ಏಳೂವರೆ ವರ್ಷ. ಅಲ್ಲಿ ಏಳೂವರೆ ಆಳಿಗೆ.

ಅನ್ಹುಯಿ ಪ್ರಾಂತ್ಯದ ವುಹು ಊರಿನಲ್ಲಿ ನ್ಯಾನ್ ಗ್ವಾಂಗ್‌ಜಿಯು ಅಂತ ಒಬ್ಬ. ಓದು ಬರಹ ಬಾರದು. ಕಲ್ಲಂಗಡಿ ಬೀಜ ಹುರಿದು ಮಾರುತ್ತಿದ್ದ. ಅಳೆದು ಕೊಟ್ಟ ಮೇಲೆ ಇನ್ನೊಂದು ಹಿಡಿ ಸೇರಿಸುತ್ತಿದ್ದ. ನಾವು ಅದನ್ನು ಕೊಸರು ಅಂತೀವಿ. ಅಲ್ಲಿನ ಜನ ಈತನನ್ನು ದಡ್ಡ ಅಂದರು. ಈತ ಆ ಬೈಗುಳವನ್ನೇ ಬೋರ್ಡಿಗೆ ಏರಿಸಿದ: 'ದಡ್ಡನ ಬೀಜ'. ಜನ ಸಾಲುಗಟ್ಟಿದರು. ಏಳು ಜನ ಎಷ್ಟು ಅಂತ ಹುರಿದಾರು? ಎಂಟನೇ ಆಳನ್ನಿಡೋಕೆ ಎಂಟೆದೆ ಬೇಕಿದ್ದ ಕಾಲದಲ್ಲಿ ಈತ ನೂರು ದಾಟಿಸಿಬಿಟ್ಟ.

ಈಗ ಇವನನ್ನು ಏನು ಮಾಡೋದು? ಊರಿನವರು ತೀರ್ಮಾನಿಸಲಿಲ್ಲ. ಕಡತ ಮೇಲೆ ಹೋಯಿತು, ಇನ್ನೂ ಮೇಲೆ ಹೋಯಿತು. ಕೊನೆಗೆ 1984ರಲ್ಲಿ, ನೂರು ಕೋಟಿ ಜನರ ದೇಶದ ಹಿರಿಯ ನಾಯಕ ಡೆಂಗ್ ಶಿಯಾವೊಪಿಂಗ್ ಬೀಜದಂಗಡಿಯ ಬಗ್ಗೆ ಮಾತಾಡಬೇಕಾಯಿತು. ಅವನನ್ನು ಮುಟ್ಟಿದರೆ ನೀತಿಯೇ ಬದಲಾಯಿತು ಅಂತ ಜನ ಗಾಬರಿಯಾಗುತ್ತಾರೆ, ಸ್ವಲ್ಪ ಕಾಲ ಬಿಟ್ಟು ನೋಡೋಣ ಅಂದರು. ಮೇಲಿನವರು ಬಿಡಿ ಅಂದರು, ಕೆಳಗಿನವರು ಬಿಟ್ಟರು. ನಿಯಮದ ಪುಸ್ತಕದಲ್ಲಿ ಏಳು ಏಳಾಗಿಯೇ ಇತ್ತು.

ಎಲ್ಲರ ಕಡತವೂ ಡೆಂಗ್ ತನಕ ಹೋಗುತ್ತದೆಯೇ? ಉಳಿದವರು ಬೇರೆ ದಾರಿ ಹಿಡಿದರು. ತಮ್ಮ ಕಾರ್ಖಾನೆಯನ್ನು ಊರಿನ ಸಾಮೂಹಿಕ ಸಂಸ್ಥೆ ಅಂತ ನೋಂದಾಯಿಸಿ, ಸ್ಥಳೀಯ ಆಡಳಿತಕ್ಕೆ ಇಷ್ಟು ಅಂತ ಕೊಟ್ಟು ನೆಮ್ಮದಿಯಾಗಿದ್ದರು. ಇದಕ್ಕೆ ಅಲ್ಲಿ 'ಕೆಂಪು ಟೋಪಿ ಹಾಕಿಕೊಳ್ಳೋದು' ಅಂತಿದ್ದರು. ಟೋಪಿ ಹಾಕೋದು ಅಂದರೆ ಕನ್ನಡದಲ್ಲಿ ಏನರ್ಥ ಅಂತ ನಿಮಗೆ ಗೊತ್ತಲ್ಲ! ಯಾರು ಯಾರಿಗೆ ಹಾಕಿದರು ಅನ್ನೋದು ಮಾತ್ರ ಇವತ್ತಿಗೂ ಬಗೆಹರಿದಿಲ್ಲ.

1988ರಲ್ಲಿ ಸಂವಿಧಾನಕ್ಕೇ ತಿದ್ದುಪಡಿಯಾಗಿ ಖಾಸಗಿ ಉದ್ಯಮಕ್ಕೆ ಜಾಗ ಸಿಕ್ಕಿತು. ಖಾಸಗಿ ಉದ್ಯಮ ಅಂದರೆ ಯಾವುದು? ಹೊಸ ನಿಯಮ ಹೇಳಿತು: ಎಂಟು ಅಥವಾ ಅದಕ್ಕಿಂತ ಜಾಸ್ತಿ ಜನರಿರೋದು. ನಿನ್ನೆ ತನಕ ಪಾಪದ ಸಂಖ್ಯೆ, ಇವತ್ತಿನಿಂದ ಅರ್ಹತೆ.

ದಡ್ಡ ಗೆದ್ದ ಅಂದುಕೊಂಡಿರಾ? 1989ರಲ್ಲಿ ಗಾಳಿ ತಿರುಗಿತು. ಕೇಸು ಬಿತ್ತು, ಈತ ಕಂಬಿ ಎಣಿಸಿದ. 1992ರ ದಕ್ಷಿಣ ಪ್ರವಾಸದಲ್ಲಿ ಡೆಂಗ್ ಮತ್ತೆ ದಡ್ಡನ ಬೀಜದ ಮಾತೆತ್ತಿದರು. ಅದೇ ವರ್ಷ ಈತ ಹೊರಗೆ ಬಂದ. ನ್ಯಾಯಾಲಯಕ್ಕಿಂತ ಪ್ರವಾಸ ವಾಸಿ, ಅಲ್ವಾ?

ಈಗ ಅಲ್ಲಿ ಎಂಟು ಸಾವಿರ ಜನರನ್ನಿಟ್ಟುಕೊಂಡರೂ ಕೇಳೋರಿಲ್ಲ. 2002ರಿಂದ ಉದ್ಯಮಿಗಳಿಗೂ ಕಮ್ಯುನಿಸ್ಟ್ ಪಕ್ಷದ ಬಾಗಿಲು ತೆರೆದಿದೆ. ಎಣಿಸೋದು ಮಾತ್ರ ನಿಂತಿಲ್ಲ. ಕಂಪನಿಯಲ್ಲಿ ಪಕ್ಷದ ಮೂರು ಮಂದಿ ಪೂರ್ಣ ಸದಸ್ಯರಿದ್ದರೆ ಅಲ್ಲೇ ಒಂದು ಘಟಕ ತೆರೆಯಬೇಕು ಅನ್ನುತ್ತದೆ ಪಕ್ಷದ ಸಂವಿಧಾನ. ಮಾಲೀಕರೇ ಸದಸ್ಯರಾಗಿದ್ದರೆ ಇನ್ನಿಬ್ಬರು ಸಾಕು.