ಪಾತ್ರೆಯವಳೂ ಒಲ್ಲೆ ಎಂದದ್ದು

ನಮ್ಮ ಬಳ್ಳಾರಿಯಲ್ಲಿ ಪ್ಯಾಂಟು ಹೊಲಿಯುವುದು ಹೇಗೆ ಕಸುಬೋ, ಹೊಲಿದ ಪ್ಯಾಂಟನ್ನು ಹರಿಯುವುದೂ ಹಾಗೆಯೇ ಕಸುಬು. ಪಕ್ಕದ ಮನೆಯಾಕೆ ಜೀನ್ಸ್ ಘಟಕದಲ್ಲಿ ದಿನವಿಡೀ ಹೊಸ ಪ್ಯಾಂಟುಗಳ ಮೊಣಕಾಲು ಉಜ್ಜುತ್ತಾರೆ. ಉದ್ದಕ್ಕಿರುವ ನೀಲಿ ಎಳೆ, ಅಂದರೆ ಹಾಸು, ಸವೆಯಬೇಕು; ಅಡ್ಡಕ್ಕಿರುವ ಬಿಳಿ ಎಳೆ, ಅಂದರೆ ಹೊಕ್ಕು, ಉಳಿಯಬೇಕು. ಹೊಕ್ಕೂ ಕಿತ್ತುಬಂದರೆ ಅದು ಫ್ಯಾಷನ್ ಅಲ್ಲ, ಹರಕು, ಬೈಗುಳ ಖಚಿತ. ಪ್ಯಾಂಟು ಹರಿಯಬಾರದೆಂದು ತಾಮ್ರದ ರಿವೆಟ್ ಹೊಡೆದು 1873ರಲ್ಲಿ ಪೇಟೆಂಟ್ ಪಡೆದ ಅಮೆರಿಕದ ದರ್ಜಿ ಜೇಕಬ್ ಡೇವಿಸ್ ಈಗ ಎದ್ದು ಬಂದರೆ, ನಮ್ಮೂರಿನ ಬಸ್ ನಿಲ್ದಾಣದಲ್ಲೇ ತಲೆ ಮೇಲೆ ಕೈಹೊತ್ತು ಕೂರುತ್ತಾನೆ.

ಇಂಥ ಊರಿಗೆ ಕರುಣೆಯ ಗೋಡೆ ಬಂತು. 2015ರಲ್ಲಿ ಇರಾನಿನ ಮಶಾದ್ ನಗರದಲ್ಲಿ ಯಾರೋ ಹೆಸರು ಹೇಳಿಕೊಳ್ಳದೆ ಗೋಡೆಗೆ ಗೂಟ ಹೊಡೆದು, ಬೇಡವಾದದ್ದನ್ನು ಬಿಡಿ, ಬೇಕಾದದ್ದನ್ನು ಒಯ್ಯಿರಿ ಎಂದು ಬರೆದದ್ದು ಇದರ ಮೂಲ. ಹೆಸರಿಲ್ಲದ ಆ ಕೊರತೆಯನ್ನು ನಮ್ಮ ಬಡಾವಣೆಯ ಸಂಘದವರು ತುಂಬಿಕೊಟ್ಟರು. ಗೂಟ ಆರು, ಫ್ಲೆಕ್ಸಿನಲ್ಲಿ ಮುಖ ಹದಿನಾಲ್ಕು.

ನಮ್ಮ ಮನೆಗಳಲ್ಲಿ ಹಳೆ ಬಟ್ಟೆಗೂ ಒಂದು ಪಂಕ್ತಿಭೇದ ಉಂಟು. ಚೆನ್ನಾಗಿರುವ ಸೀರೆ ನಾದಿನಿಗೆ, ಜರಿಯದು ಜರಿ ಕೊಳ್ಳುವವನಿಗೆ, ಉಳಿದದ್ದು ಪಾತ್ರೆಯವಳಿಗೆ. ಆಕೆ ಒಂದೊಂದನ್ನೂ ಬಿಸಿಲಿಗೆ ಹಿಡಿದು, ಕಂಕುಳ ಹೊಲಿಗೆ ಜಗ್ಗಿ, ಮೂರು ಪ್ಯಾಂಟಿಗೆ ಒಂದು ಸ್ಟೀಲ್ ಡಬ್ಬಿ ಎನ್ನುತ್ತಾಳೆ. ಮುಚ್ಚಳ ಬೇಕಾದರೆ ಇನ್ನೊಂದು ಅಂಗಿ. ಆಕೆ ಒಲ್ಲೆ ಎಂದು ತಳ್ಳಿದ್ದು ನೆಲ ಒರೆಸಲು. ನೀರು ಹೀರದ ಪಾಲಿಯೆಸ್ಟರ್‌ಗೆ ಮಾತ್ರ ಇದುವರೆಗೆ ಗತಿ ಇರಲಿಲ್ಲ. ಈಗ ಕರುಣೆ ಇದೆ. ಮೊದಲ ವಾರ ಒಂಟಿ ಕಾಲುಚೀಲ, ಲಾಡಿಯಿಲ್ಲದ ಪೈಜಾಮ, ಯಾವುದೋ ಚುನಾವಣೆಯ ಟೀ ಶರ್ಟು ಬಂದವು. ನಲವತ್ತು ಡಿಗ್ರಿ ಬಿಸಿಲಿನ ಊರಿನ ಬಡವರಿಗೆಂದು ಪುಣ್ಯಾತ್ಮರೊಬ್ಬರು ಉಣ್ಣೆಯ ಮಂಕಿ ಟೋಪಿ ತೂಗುಹಾಕಿದ್ದರು.

ಅದೇ ಹೊತ್ತಿಗೆ ತಂಗಿಯ ಮಗಳು ಬೆಂಗಳೂರಿನಿಂದ ಬಂದಳು. ಗೆಳತಿಯ ಹುಟ್ಟುಹಬ್ಬದ ಪಾರ್ಟಿಗೆ ಎಲ್ಲರೂ ಬೇರೆಯವರು ಉಟ್ಟು ಬಿಟ್ಟದ್ದನ್ನೇ ತೊಟ್ಟು ಬರಬೇಕಂತೆ. ಆಕ್ಸ್‌ಫರ್ಡಿನಲ್ಲಿ ಆಕ್ಸ್‌ಫ್ಯಾಮ್ ಸಂಸ್ಥೆ 1940ರ ದಶಕದಲ್ಲೇ ಇಂಥ ಅಂಗಡಿ ತೆರೆದು, ಜನ ಕೊಟ್ಟದ್ದನ್ನು ಮಾರಿ, ಬಂದ ಹಣವನ್ನು ಕಷ್ಟದಲ್ಲಿರುವವರಿಗೆ ಮುಟ್ಟಿಸುತ್ತಿತ್ತು ಎಂದು ಪಾಠ ಹೇಳಿದಳು. “ಅಲ್ಲಿ ದುಡ್ಡು ಕೊಡಬೇಕು ಮಾವ, ಇಲ್ಲಿ ಪುಕ್ಕಟೆ!” ಎನ್ನುತ್ತಾ ಕಾರಿನಲ್ಲಿ ಗೋಡೆಗೆ ಹೊರಟೇಬಿಟ್ಟಳು.

ಪಕ್ಕದ ಮನೆಯಾಕೆಯೂ ಅಲ್ಲಿದ್ದರು. ಮಗ ಮದುವೆಗೆ ಹಾಕಿಕೊಂಡು ಹೋಗಲು ಹರಿಯದ ಪ್ಯಾಂಟು ಬೇಕಿತ್ತು. ಒಂದು ಜೀನ್ಸಿನ ಮೊಣಕಾಲಿಗೆ ಬೆರಳು ತೂರಿಸಿ ನೋಡಿ, “ಇದು ನಮ್ಮ ಕೈಕೆಲಸವಲ್ಲ. ಹಾಸೂ ಹೋಗಿದೆ, ಹೊಕ್ಕೂ ಹೋಗಿದೆ. ಯಾರೋ ನಿಜವಾಗಿಯೂ ಬಿದ್ದಿದ್ದಾರೆ” ಎಂದು ಕೆಳಗಿಟ್ಟರು.

“ನಿಜವಾದ ಹರಕೇ ಆಂಟಿ?” ಎಂದು ನಮ್ಮ ಹುಡುಗಿ ಅದನ್ನು ಎದೆಗವಚಿಕೊಂಡಳು.

ಟೀ ಶರ್ಟು, ಮಂಕಿ ಟೋಪಿಯೂ ಕಾರು ಹತ್ತಿದವು. ದರ್ಜಿ ಕನ್ನಡಕ ಏರಿಸಿ, “ರಫು ಮಾಡಲೇನಮ್ಮ?” ಎಂದ. ಬೇಡ, ತೂತು ಕೆಡದಂತೆ ಸುತ್ತಲೂ ಅಂಚು ಕಟ್ಟಿಕೊಡಿ ಎಂದಳು. ಮೂವತ್ತು ವರ್ಷದಿಂದ ತೂತು ಮುಚ್ಚುತ್ತಲೇ ಬಂದ ಮನುಷ್ಯ ಒಮ್ಮೆ ನನ್ನ ಮುಖ ನೋಡಿ, ಎಂಬತ್ತು ರೂಪಾಯಿ ತೆಗೆದುಕೊಂಡ. ಡ್ರೈಕ್ಲೀನಿಂಗ್ ಲೆಕ್ಕವನ್ನು ನಾನು ಇಲ್ಲಿ ಬರೆಯುವುದಿಲ್ಲ. ಅಷ್ಟು ದುಡ್ಡಿನಲ್ಲಿ ಪಕ್ಕದ ಮನೆಯ ಹುಡುಗನಿಗೆ ಹೊಸ ಪ್ಯಾಂಟೇ ಬರುತ್ತಿತ್ತು.

ಬರಿಗೈಯಲ್ಲಿ ಹೋದ ಆಕೆ ಮಳೆಗಾಲಕ್ಕೆ ಮುಂಚೆ ಒಂದು ರಾತ್ರಿ ಮಗನನ್ನು ಕರೆದುಕೊಂಡು ಬಂದು ಫ್ಲೆಕ್ಸನ್ನೇ ಬಿಚ್ಚಿಕೊಂಡು ಹೋದರು. ಸೋರುವ ತಗಡಿನ ಮೇಲೆ ಈಗ ಹದಿನಾಲ್ಕು ಮುಖಗಳೂ ಅಂಗಾತ ಮಲಗಿವೆ. ಆದರೆ ಗಾಳಿ ಹಾಯಲೆಂದು ಅದಕ್ಕೂ ಅಲ್ಲಲ್ಲಿ ತೂತು ಕೊಯ್ದಿದ್ದರಲ್ಲ, ಅಧ್ಯಕ್ಷರ ಎದೆಯ ಕಡೆಯಿಂದ ಇನ್ನೂ ಹನಿಯುತ್ತಿದೆಯಂತೆ.