ಅರ್ಜಿಯನ್ನು ಮಗುವೇ ತುಂಬಲಿ

ಹದಿನೈದು ಸಾವಿರದ ಮೊಬೈಲನ್ನು ಎರಡು ವರ್ಷದ ಕೂಸಿನ ಕೈಗೆ ಕೊಟ್ಟು ತುತ್ತು ತಿನ್ನಿಸುವ ಮನೆಯಲ್ಲೇ, ಎಂಟು ವರ್ಷದ ಮಗು ಗ್ರಂಥಾಲಯದಿಂದ ಎಂಬತ್ತು ರೂಪಾಯಿಯ ಪುಸ್ತಕ ತರುತ್ತೇನೆಂದರೆ "ಬೇಡ, ಹರಿದುಹಾಕುತ್ತೀಯ, ದಂಡ ಕಟ್ಟುವವರು ಯಾರು?" ಎನ್ನುತ್ತಾರೆ. ಯಲಬುರ್ಗಾ ತಾಲ್ಲೂಕಿನ ಸರ್ಕಾರಿ ಶಾಲೆಯೊಂದರಲ್ಲಿ ಪಾಠ ಮಾಡುವ ನನಗೆ ಪಾಲಕರ ಸಭೆಯಲ್ಲಿ ಈ ಮಾತು ಕೇಳಿ ಕೇಳಿ ಸಾಕಾಗಿದೆ. ಅದೇ ಸಭೆಯಲ್ಲಿ ಅದೇ ಬಾಯಿಂದ ಇನ್ನೊಂದು ದೂರು ಬರುತ್ತದೆ: "ಇವನಿಗೆ ಒಂದಿಷ್ಟೂ ಜವಾಬ್ದಾರಿ ಇಲ್ಲ ಟೀಚರ್, ನೀವೇ ಬುದ್ಧಿ ಹೇಳಿ." ಹೊರಲು ಏನನ್ನಾದರೂ ಕೊಟ್ಟಿದ್ದೀರಾ ಎಂದು ಕೇಳಿದರೆ ನನ್ನ ಮುಖ ನೋಡುತ್ತಾರೆ.

ಆಧಾರ್ ಕಾರ್ಡು, ಲಸಿಕೆಯ ಕಾರ್ಡು, ಪಡಿತರ ಚೀಟಿಯಲ್ಲೊಂದು ಹೆಸರು, ಇವೆಲ್ಲ ಮಗುವಿಗೆ ತಾನಾಗಿ ಬರುತ್ತವೆ. ಮಗು ಏನೂ ಮಾಡಬೇಕಾಗಿಲ್ಲ. ಗ್ರಂಥಾಲಯದ ಕಾರ್ಡು ಹಾಗಲ್ಲ. ಒಯ್ದದ್ದನ್ನು ಹೇಳಿದ ದಿನಕ್ಕೆ ತಂದುಕೊಡುತ್ತೇನೆಂದು ಮಗು ಮನೆಯವರಲ್ಲದ ಒಬ್ಬರಿಗೆ ಮಾತು ಕೊಟ್ಟರೆ ಮಾತ್ರ ಅದಕ್ಕೆ ಬೆಲೆ. ಹಾಗಾಗಿ ಆರೇಳು ವರ್ಷಕ್ಕೇ ಅದು ಮಗುವಿನ ಕೈಗೆ ಬರಬೇಕು, ಬಂದ ಮೇಲೆ ದೊಡ್ಡವರು ಕೈ ಹಿಂದೆ ಕಟ್ಟಿಕೊಂಡು ನಿಲ್ಲಬೇಕು ಎಂಬುದು ನನ್ನ ವಾದ. ಈ ಎರಡನೆಯದೇ ನಮ್ಮವರಿಗೆ ಬಲು ಕಷ್ಟ.

ದುಡ್ಡಿನ ನೆಪ ಹೇಳುವಂತಿಲ್ಲ. ಗ್ರಾಮ ಪಂಚಾಯಿತಿ ಗ್ರಂಥಾಲಯಗಳು 2019ರಲ್ಲಿ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ಬಂದವು. ಮರುವರ್ಷ, ಕೊರೊನಾದಿಂದ ಶಾಲೆಗಳು ಮುಚ್ಚಿದ್ದಾಗ, ನವೆಂಬರ್‌ನಲ್ಲಿ ಮಕ್ಕಳನ್ನು ಈ ಗ್ರಂಥಾಲಯಗಳಿಗೆ ಕರೆತರುವ 'ಓದುವ ಬೆಳಕು' ಕಾರ್ಯಕ್ರಮ ಶುರುವಾಯಿತು. 6ರಿಂದ 18 ವರ್ಷದ ಮಕ್ಕಳಿಗೆ ಸದಸ್ಯತ್ವ ಉಚಿತ. ಈಗ ಎಷ್ಟೋ ಊರುಗಳಲ್ಲಿ ಆ ಕಟ್ಟಡದ ಮೇಲೆ 'ಅರಿವು ಕೇಂದ್ರ' ಎಂಬ ಫಲಕವಿದೆ. ಫಲಕ ಓದಿದವರು ಬಹಳ, ಒಳಗೆ ಹೋದವರು ಕಡಿಮೆ.

ನಮ್ಮೂರಿನ ಕೇಂದ್ರದಲ್ಲಿ ಕಂಡದ್ದನ್ನು ಹೇಳುತ್ತೇನೆ. ಮೂರನೆಯ ತರಗತಿಯ ಹುಡುಗಿಯೊಬ್ಬಳನ್ನು ಅವಳ ಅಪ್ಪ ಕರೆತಂದಿದ್ದರು. ಜೇಬಿನಿಂದ ಪೆನ್ನು ತೆಗೆದು ಮುತ್ತಿನಂಥ ಅಕ್ಷರದಲ್ಲಿ ಅರ್ಧ ಅರ್ಜಿ ತುಂಬಿಯೇ ಬಿಟ್ಟಿದ್ದರು. ಮೇಲ್ವಿಚಾರಕರು ಅದನ್ನು ಪಕ್ಕಕ್ಕಿಟ್ಟು ಹೊಸ ಅರ್ಜಿ ತೆಗೆದು ಹುಡುಗಿಯ ಮುಂದಿಟ್ಟರು. "ಅಣ್ಣಾ, ಸದಸ್ಯೆ ಅವಳಲ್ಲವೇ? ಅವಳೇ ಬರೆಯಲಿ." ಅವಳು ನಾಲಿಗೆ ಕಚ್ಚಿಕೊಂಡು ಬರೆದಳು. ಹೆಸರು, ಅಪ್ಪನ ಹೆಸರು, ಮನೆತನದ ಹೆಸರು ಸೇರಿ ಗೆರೆ ಸಾಲದೆ ಕೊನೆಯ ಮೂರು ಅಕ್ಷರ ಅಂಚು ಹತ್ತಿ ಮೇಲಕ್ಕೆ ಹೋದವು. ಸಹಿ ಎಂದಿದ್ದ ಕಡೆ ನಿಂತಳು. "ಹೆಸರನ್ನೇ ಬರಿ, ಆದರೆ ಮುಂದೆಯೂ ಹೀಗೆಯೇ ಬರೆಯಬೇಕು" ಎಂದರು. ಪುಸ್ತಕ ಆರಿಸಿ ತಂದಾಗ ಅದರ ಹಿಂಬದಿಯ ಚೀಟಿಯ ಮೇಲೆ ತಾರೀಕಿನ ಠಸ್ಸೆ ಬಿತ್ತು. ಅಲ್ಲಿ ಹಳೆಯ ಠಸ್ಸೆಗಳೂ ಇದ್ದವು. "ಸರ್, ಇವರೆಲ್ಲ ಯಾರು?" "ನಿನಗಿಂತ ಮೊದಲು ಓದಿದವರು." "ನನ್ನ ನಂತರ ಯಾರು?" "ನೀನು ತಂದುಕೊಟ್ಟರೆ ತಾನೇ ಗೊತ್ತಾಗುವುದು!" ನಾನು ತರಗತಿಯಲ್ಲಿ ಅರ್ಧ ಗಂಟೆ ಕೊರೆದರೂ ತಲೆಗೆ ಇಳಿಯದ ವಿಷಯ ಇದು.

ಸಾರ್ವಜನಿಕ ಆಸ್ತಿ ಎಂದರೆ ಏನೆಂದು ಏಳನೆಯ ತರಗತಿಯವರಿಗೆ ನಾನು ಮನೆ ತೆರಿಗೆಯ ರಸೀದಿ ಹಿಡಿದು ತೋರಿಸುತ್ತೇನೆ. 1965ರ ಕರ್ನಾಟಕ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯಿಂದ ಬಂದ ಗ್ರಂಥಾಲಯ ಕರ ಅದರಲ್ಲಿರುತ್ತದೆ, ತೆರಿಗೆಯ ಶೇಕಡಾ 6. ಮನೆ ತೆರಿಗೆ 500 ರೂಪಾಯಿಯಾದರೆ ಪುಸ್ತಕಕ್ಕೆಂದು 30 ರೂಪಾಯಿ. ಶೇಕಡಾ ಲೆಕ್ಕವೂ ಆಯಿತು, ಇನ್ನೊಂದೂ ಆಯಿತು: ನಿನ್ನ ಕೈಯಲ್ಲಿರುವ ಪುಸ್ತಕಕ್ಕೆ ನಿಮ್ಮ ಮನೆಯವರು ಮಾತು ಬಿಟ್ಟಿರುವ ಆಚೆ ಮನೆಯವರ ದುಡ್ಡೂ ಸೇರಿದೆ. ಚಿಕ್ಕವರಿಗೆ ಇಷ್ಟು ಲೆಕ್ಕ ಬೇಕಿಲ್ಲ. ಪಕ್ಕದ ಮನೆಯಿಂದ ಹೆಪ್ಪಿಗೆ ಮೊಸರು ತಂದ ಬಟ್ಟಲನ್ನು ತೊಳೆಯದೆ ಹಿಂದಕ್ಕೆ ಕೊಡಬಾರದು ಎಂಬುದು ಅವರಿಗೆ ಗೊತ್ತೇ ಇದೆ. ಪುಸ್ತಕಕ್ಕೂ ಅದೇ ಕಟ್ಟಳೆ.

ಇನ್ನು ಹರಿಯುವ ವಿಷಯ. ಮಕ್ಕಳು ಓದಿದ ಪುಸ್ತಕ ಹರಿಯುತ್ತದೆ, ಅದರಲ್ಲಿ ಅನುಮಾನ ಬೇಡ. ಹರಿಯಬಾರದೆಂದು ಗಾಜಿನ ಕಪಾಟಿಗೆ ಬೀಗ ಹಾಕಿ, ಬೀಗದ ಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಓಡಾಡುವವರನ್ನು ಕಂಡಿದ್ದೇನೆ. ಪಟ್ಟಣದ ಗ್ರಂಥಾಲಯವೊಂದರಲ್ಲಿ, ಯಾವುದೆಂದು ಬೇಡ, "ಮಕ್ಕಳಿಗೆ ಮನೆಗೆ ಕೊಡುವುದಿಲ್ಲ, ಇಲ್ಲೇ ಕೂತು ಓದಲಿ" ಎಂದರು. ಕೂರಲು ಹೋದರೆ ಬೆಂಚುಗಳೆಲ್ಲ ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ಹುಡುಗರಿಂದ ತುಂಬಿದ್ದವು. (ಅವರದ್ದೂ ತಪ್ಪಲ್ಲ, ಅವರಿಗೆ ಬೇರೆ ಜಾಗವಾದರೂ ಎಲ್ಲಿದೆ?) ನಮ್ಮ ದೇಶದ ಗ್ರಂಥಾಲಯ ವಿಜ್ಞಾನದ ಪಿತಾಮಹ ಎಸ್. ಆರ್. ರಂಗನಾಥನ್ ಅವರು 1931ರಲ್ಲಿ ಕೊಟ್ಟ ಗ್ರಂಥಾಲಯದ ಐದು ಸೂತ್ರಗಳಲ್ಲಿ ಮೊದಲನೆಯದೇ, ಪುಸ್ತಕ ಇರುವುದು ಬಳಸುವುದಕ್ಕೆ ಎಂಬುದು. ತೊಂಬತ್ತು ವರ್ಷ ಕಳೆದರೂ ಮೊದಲನೆಯ ಸೂತ್ರದಲ್ಲೇ ನಾವು ಫೇಲು.

ಹರಿದ ಪುಸ್ತಕವನ್ನು ಮಗು ಏನು ಮಾಡುತ್ತದೆ ಎಂಬುದನ್ನು ನೋಡಬೇಕು. ನಮ್ಮ ಹುಡುಗನೊಬ್ಬ ಕಿತ್ತುಬಂದ ಹಾಳೆಯನ್ನು ಅನ್ನದ ಅಗುಳು ಉಜ್ಜಿ ಅಂಟಿಸಿಕೊಂಡು ಬಂದಿದ್ದ. ಹಾಳೆ ಸೊಟ್ಟಗೆ ಕೂತಿತ್ತು, ಅಂಚಿನಲ್ಲಿ ಅಗುಳು ಒಣಗಿ ಗಂಟುಗಟ್ಟಿತ್ತು, ಇರುವೆಯೂ ಒಂದು ಸಿಕ್ಕಿಕೊಂಡಿತ್ತು. ಮೇಲ್ವಿಚಾರಕರು ನಗಲಿಲ್ಲ. ಹಾಳೆ ಬಿಡಿಸಿ, ತೆಳ್ಳನೆಯ ಕಾಗದದ ಪಟ್ಟಿ ಕತ್ತರಿಸಿ, ಮೈದಾ ಅಂಟನ್ನು ಬೆರಳ ತುದಿಯಿಂದ ಎಷ್ಟು ತೆಳುವಾಗಿ ಸವರಬೇಕೆಂದು ತೋರಿಸಿ, ಅವನಿಂದಲೇ ಮಾಡಿಸಿದರು. ಸೆಲ್ಲೋ ಟೇಪ್ ಹಚ್ಚಬಾರದು ಎಂದೂ ಹೇಳಿಕೊಟ್ಟರು. ಕೆಲವೇ ವರ್ಷಗಳಲ್ಲಿ ಅದು ಹಳದಿ ತಿರುಗಿ ಕಾಗದಕ್ಕೆ ಕಲೆ ಬಿಡುತ್ತದೆ. ಈಗ ನಮ್ಮ ಶಾಲೆಯ ಪುಸ್ತಕಗಳ ರಿಪೇರಿಗೂ ಅವನೇ ಯಜಮಾನ, ನಾನು ಟೇಪ್ ಮುಟ್ಟಿದರೆ ಗದರುತ್ತಾನೆ. ಅವನ ಅಮ್ಮ ಅಂದು ಗುಟ್ಟಾಗಿ ದುಡ್ಡು ಕಟ್ಟಿ ಮುಗಿಸಿದ್ದರೆ ಇದ್ಯಾವುದೂ ಆಗುತ್ತಿರಲಿಲ್ಲ. ಎಷ್ಟೋ ಮನೆಗಳಲ್ಲಿ ಆಗುವುದು ಅದೇ. ತಾರೀಕು ನೆನಪಿಡುವವಳು ಅಮ್ಮ, ಮಂಚದ ಕೆಳಗೆ ಹುಡುಕುವವಳು ಅಮ್ಮ, ಗಾಡಿ ಹತ್ತಿ ಕೊಟ್ಟುಬರುವವನು ಅಪ್ಪ. ಕಾರ್ಡು ಮಾತ್ರ ಮಗುವಿನ ಹೆಸರಲ್ಲಿ!

ದಂಡದ ಬಗ್ಗೆ ನನ್ನ ಅಭಿಪ್ರಾಯ ಹಲವರಿಗೆ ಹಿಡಿಸುವುದಿಲ್ಲ. ತಾರೀಕು ಬೇಕು, ದುಡ್ಡಿನ ದಂಡ ಬೇಡ. ಷಿಕಾಗೊ ನಗರದ ಗ್ರಂಥಾಲಯ 2019ರಲ್ಲಿ, ನ್ಯೂಯಾರ್ಕ್‌ನದು 2021ರಲ್ಲಿ ತಡವಾದದ್ದಕ್ಕೆ ಹಾಕುವ ದಂಡವನ್ನು ತೆಗೆದುಹಾಕಿದವು. ದಂಡಕ್ಕೆ ಹೆದರಿ ಗ್ರಂಥಾಲಯ ಬಿಡುವವರು ಬಡವರೇ ಎಂಬುದು ಅವರ ಕಾರಣ. ನಮಗೆ ಅಮೆರಿಕದ ಸಾಕ್ಷಿಯೂ ಬೇಡ. ಗಂಗಾವತಿಯ ಕಡೆ ಕಾಲುವೆಯ ನೀರಿದೆ, ಭತ್ತವಿದೆ. ನಮ್ಮದು ಮಳೆ ನಂಬಿದ ಎರೆಹೊಲ. ಸುಗ್ಗಿ ಮುಗಿದರೆ ಎಷ್ಟೋ ಸಂಸಾರಗಳು ಗುಳೆ ಹೊರಡುತ್ತವೆ, ಬೆಂಗಳೂರಿಗೋ ಗೋವಾಕ್ಕೋ, ಕಟ್ಟಡದ ಕೆಲಸಕ್ಕೆ. ನಾಲ್ಕನೆಯ ತರಗತಿಯ ಹುಡುಗನೊಬ್ಬ ಹಾಗೆ ಹೋಗುವಾಗ ಅರ್ಧ ಓದಿದ ಪುಸ್ತಕವನ್ನು ಕೊಡಲು ಬಂದ. "ಒಯ್ಯಿ, ಬಂದ ಮೇಲೆ ಕೊಡು" ಎಂದರು ಮೇಲ್ವಿಚಾರಕರು, ರಿಜಿಸ್ಟರಿನಲ್ಲಿ ತಾರೀಕಿನ ಜಾಗದಲ್ಲಿ 'ಗುಳೆ' ಎಂದು ಬರೆದುಕೊಂಡು. ಪಂಚಾಯಿತಿ ಕಟ್ಟೆಯ ಮೇಲಿದ್ದವರು "ಹೋಯಿತು ಬಿಡಿ ಆ ಪುಸ್ತಕ" ಎಂದು ನಕ್ಕರು. ಮುಂಗಾರಿಗೆ ಪುಸ್ತಕ ಬಂತು, ಹಾಳೆಗಳ ನಡುವೆ ಸಿಮೆಂಟಿನ ಪುಡಿ ಸಮೇತ. ದಿನಕ್ಕಿಷ್ಟು ಎಂದು ದಂಡ ಎಣಿಸಿದ್ದರೆ ಅವನು ಮತ್ತೆ ಆ ಮೆಟ್ಟಿಲು ಹತ್ತುತ್ತಿದ್ದನೇ? ಊರಲ್ಲೇ ಇದ್ದುಕೊಂಡು ತಡ ಮಾಡುವವರಿಗೆ ನಮ್ಮ ಮೇಲ್ವಿಚಾರಕರ ನಿಯಮ ಬೇರೆ: ಹಳೆಯದು ಬರುವವರೆಗೆ ಹೊಸದಿಲ್ಲ. ಗೆಳೆಯ ಹೊಸ ಪುಸ್ತಕ ಹಿಡಿದು ಹೋಗುವುದನ್ನು ನೋಡಿದವನು ಸಂಜೆಯೊಳಗೆ ಹಳೆಯದನ್ನು ಹುಡುಕಿ ತರುತ್ತಾನೆ.

ಏಪ್ರಿಲ್‌ನಲ್ಲಿ ರಜೆ ಶುರುವಾಗುತ್ತದೆ. ನಮ್ಮ ಬಿಸಿಲಿಗೆ ಮಧ್ಯಾಹ್ನ ಮಕ್ಕಳನ್ನು ಹೊರಗೆ ಬಿಡುವಂತಿಲ್ಲ, ಮೊಬೈಲ್ ಕೊಟ್ಟು ಕೂರಿಸುವುದೊಂದೇ ದಾರಿ ಎನ್ನುವವರು ಸಂಜೆ ಒಮ್ಮೆ ಊರಿನ ಅರಿವು ಕೇಂದ್ರಕ್ಕೆ ಹೋಗಿ ಬನ್ನಿ. ಮಗುವಿನ ಆಧಾರ್ ಪ್ರತಿ, ಒಂದೆರಡು ಫೋಟೊ ಜೊತೆಗಿರಲಿ. ಪುಸ್ತಕವನ್ನು ಅವರೇ ಆರಿಸಲಿ, "ಇದು ಬೇಡ, ಸಾಮಾನ್ಯ ಜ್ಞಾನದ್ದು ತೆಗೆದುಕೋ" ಎನ್ನಬೇಡಿ. ಮತ್ತೆ ದಯವಿಟ್ಟು ನಿಮ್ಮ ಪೆನ್ನನ್ನು ಮನೆಯಲ್ಲೇ ಬಿಟ್ಟು ಬನ್ನಿ.