ಮೊದಲು ನೆರಳು, ಆಮೇಲೆ ಗಿಡ

ಮೊದಲ ವರ್ಷ ನಾನು ತಾರಸಿ ಮೇಲೆ ಇಪ್ಪತ್ನಾಲ್ಕು ಟೊಮ್ಯಾಟೊ ಸಸಿ ಇಟ್ಟಿದ್ದೆ. ಅದೂ ಫೆಬ್ರವರಿ ಕೊನೆಗೆ, ರಾಯಚೂರಿನಲ್ಲಿ! ಬೆಂಗಳೂರಿನವರ ವಿಡಿಯೊ ನೋಡಿ ಕಪ್ಪು ಗ್ರೋ ಬ್ಯಾಗು, ಕೋಕೊಪೀಟು ಅಂದರೆ ತೆಂಗಿನ ನಾರಿನ ಪುಡಿ, ಎಲ್ಲ ತರಿಸಿದ್ದೆ. ಏಪ್ರಿಲ್‌ನಲ್ಲಿ ಮಧ್ಯಾಹ್ನ ಬ್ಯಾಗಿನ ಮಣ್ಣಿಗೆ ಬೆರಳು ಇಳಿಸಿದರೆ ಚುರ್ ಅನ್ನುತ್ತಿತ್ತು. ಹೂ ಬಿಡುತ್ತಿತ್ತು, ತೊಟ್ಟು ಸಮೇತ ಉದುರುತ್ತಿತ್ತು. ಹಗಲಿನ ಬಿಸಿ 35 ಡಿಗ್ರಿ ದಾಟಿದರೆ ಟೊಮ್ಯಾಟೊ ಹೂ ಸರಿಯಾಗಿ ಕಾಯಿ ಕಚ್ಚುವುದಿಲ್ಲ ಅಂತ ಆಮೇಲೆ ಗೊತ್ತಾಯಿತು. ನಮ್ಮೂರಲ್ಲಿ ಮೇ ತಿಂಗಳಲ್ಲಿ 42 ಅಂದರೆ "ಇವತ್ತು ಪರವಾಗಿಲ್ಲ" ಅನ್ನುವ ಲೆಕ್ಕ.

ಮಾನ್ವಿ ಕಡೆ ಹಳ್ಳಿಯಿಂದ ಬಂದಿದ್ದ ನಮ್ಮ ಅತ್ತೆ ಮೇಲೆ ಹತ್ತಿ ಬಂದು ಒಂದು ಸುತ್ತು ನೋಡಿದರು. "ಯವ್ವಾ, ಈ ಬಿಸಲಿಗೆ ಮನಷಾರೇ ಉಳಿಯಂಗಿಲ್ಲ, ನಿನ್ನ ಟೊಮ್ಯಾಟೊ ಉಳಿತದೇನು? ಮೊದಲು ಒಂದು ಹಂದರ ಹಾಕಸು" ಅಂದರು.

ಹಾಕಿಸಿದ್ದು ಮುಂದಿನ ವರ್ಷ. ಅಷ್ಟು ಬೇಗ ಅತ್ತೆ ಮಾತು ಕೇಳುವ ಸೊಸೆ ನಾನಲ್ಲ.

ಈಗ ನಾಲ್ಕು ವರ್ಷ ಆಯಿತು. ನನ್ನ ಅಭಿಪ್ರಾಯ ಇಷ್ಟೇ. ನಮ್ಮ ಕಡೆ ತಾರಸಿ ತೋಟವನ್ನು ಗಿಡದಿಂದ ಶುರು ಮಾಡಬಾರದು. ನೆರಳಿನಿಂದ ಶುರು ಮಾಡಬೇಕು. ಆ ನೆರಳು ಗಿಡಕ್ಕೆ ಎಷ್ಟು ಬೇಕೋ ಕೆಳಗೆ ಮಲಗುವವರಿಗೂ ಅಷ್ಟೇ ಬೇಕು. ಕಾಂಕ್ರೀಟ್ ಸ್ಲ್ಯಾಬ್ ಹಗಲೆಲ್ಲ ಬಿಸಿಲು ಕುಡಿದು ರಾತ್ರಿ ನಮ್ಮ ಮೇಲೆ ಬಿಡುತ್ತದೆ. ಹನ್ನೊಂದಕ್ಕೆ ಫ್ಯಾನ್ ಹಾಕಿದರೂ ಬರುವುದು ಬಿಸಿಗಾಳಿಯೇ. ಎಸಿ ಹಾಕಬಹುದು, ಹೌದು. ಆ ಕರೆಂಟಿಗೆ ಶಕ್ತಿನಗರದ ವಿದ್ಯುತ್ ಸ್ಥಾವರದಲ್ಲಿ ಕಲ್ಲಿದ್ದಲು ಸುಡಬೇಕು, ಬೂದಿ ನಮ್ಮ ಜಿಲ್ಲೆಯಲ್ಲೇ ಉಳಿಯಬೇಕು.

ಅತ್ತೆಯ ಊರಿನ ಹಳೇ ಮನೆ ಮಣ್ಣಿನ ಮಾಳಿಗೆಯದು. ತೊಲೆ, ಜಂತಿ, ಮೇಲೆ ಕಟ್ಟಿಗೆ, ಅದರ ಮೇಲೆ ದಪ್ಪನೆಯ ಮಣ್ಣು. ನಡುವೆ ಒಂದು ಬೆಳಕಿಂಡಿ. ಮೇ ತಿಂಗಳ ಮಧ್ಯಾಹ್ನ ಅದರ ಪಡಸಾಲೆಯಲ್ಲಿ ನಿದ್ದೆ ಬರುತ್ತದೆ. ಹಳೇದೆಲ್ಲ ಚಿನ್ನ ಅಂತ ಹೇಳುತ್ತಿಲ್ಲ. ಮಳೆಗೆ ಸೋರುತ್ತಿತ್ತು, ಚೇಳು ಬೀಳುತ್ತಿದ್ದವು, ವರ್ಷಾ ವರ್ಷ ಮಣ್ಣು ಹಾಕುವ ಕೆಲಸ ಯಾರಿಗೆ ಬೇಕು? ಆದರೆ ಈಗ ಕಟ್ಟುವವರು ಪಶ್ಚಿಮಕ್ಕೆ ದೊಡ್ಡ ಗಾಜು ಇಟ್ಟು, ಅಂಗಳಕ್ಕೆಲ್ಲ ಟೈಲ್ಸ್ ಬಡಿದು, ಒಂದು ಬೇವಿನ ಗಿಡಕ್ಕೂ ಜಾಗ ಬಿಡದೆ "ಎಲಿವೇಶನ್ ಚೆನ್ನಾಗಿದೆ ಅಲ್ವಾ" ಅಂತ ಕೇಳುತ್ತಾರಲ್ಲ, ಆಗ ಏನು ಹೇಳಬೇಕೋ ತಿಳಿಯುವುದಿಲ್ಲ.

ನಮ್ಮ ಹಂದರಕ್ಕೆ ಮೊದಲು ಹಸಿರು ನೆಟ್ ಹಾಕಿದ್ದೆ. ಎರಡೇ ವರ್ಷಕ್ಕೆ ಬಿಸಿಲಿಗೆ ಪುಡಿಪುಡಿಯಾಗಿ ಕುಂಡದ ಮಣ್ಣಿಗೆ ಸೇರಿತು. ಈಗ ತೊಗರಿ ಕಟ್ಟಿಗೆಯ ತಡಿಕೆ ಹೊದಿಸಿದ್ದೇವೆ. ರಾಶಿ ಮುಗಿದ ಮೇಲೆ ಊರಿಂದ ಒಂದು ಟಂಟಂ ಆಟೊ ತುಂಬ ಬಂತು. ದೀಪಾವಳಿ ಹೊತ್ತಿಗೆ ಮಾತ್ರ ತೆಗೆದಿಡುತ್ತೇನೆ, ಪಟಾಕಿ ಕಿಡಿಯ ಭಯ. ಉಳಿದ ತಾರಸಿಗೆ ಸುಣ್ಣ. ಬರೀ ಬಿಳಿ ಸುಣ್ಣ, ಉದುರದ ಹಾಗೆ ಸ್ವಲ್ಪ ಅಂಟು ಕಲಸಿ. ಬರಿಗಾಲಲ್ಲಿ ನಿಂತರೆ ವ್ಯತ್ಯಾಸ ತಕ್ಷಣ ಗೊತ್ತಾಗುತ್ತದೆ. ಪಕ್ಕದ ತೆಲಂಗಾಣದಲ್ಲಿ 2023ರಲ್ಲೇ ಇಂಥ ತಂಪು ಛಾವಣಿಗೆ ಅಂತ ಸರಕಾರಿ ನೀತಿ ಬಂದಿದೆ. ಗಡಿ ಇಲ್ಲೇ ಇದೆ. ಬಿಸಿಲು ಗಡಿ ನೋಡಿ ಬರುತ್ತದಾ?

ಭಾರದ ವಿಷಯ ಒಂದು ಹೇಳಿಬಿಡುತ್ತೇನೆ, ಯಾಕೆಂದರೆ ನಾನು ಪೆಟ್ಟು ತಿಂದಿದ್ದೇನೆ. ಒದ್ದೆ ಮಣ್ಣು ಒಂದು ಘನ ಅಡಿಗೆ 45-50 ಕೆಜಿ ತೂಗುತ್ತದೆ. 200 ಲೀಟರಿನ ಡ್ರಮ್ ಅರ್ಧ ಕತ್ತರಿಸಿ ತುಂಬಿದರೂ ಹತ್ತಿರ ಹತ್ತಿರ 170 ಕೆಜಿ. "ಏನೂ ಆಗಲ್ಲ ಮೇಡಂ" ಅಂದರು ಮನೆ ಕಟ್ಟಿದವರು. ಅಂಥ ನಾಲ್ಕು ಡ್ರಮ್ ಸ್ಲ್ಯಾಬಿನ ನಡುವೆ ಸಾಲಾಗಿ ಇಟ್ಟೆ. ದೇವರ ಕೋಣೆಯ ಮೇಲೆ ಸೋರಿತು. ಈಗ ಡ್ರಮ್‌ಗಳನ್ನೆಲ್ಲ ಕೆಳಗೆ ಗೋಡೆ ಇರುವ ಕಡೆ, ಬೀಮಿನ ಗುಂಟ, ಇಟ್ಟಿಗೆ ಮೇಲೆ ಎತ್ತಿ ಇಟ್ಟಿದ್ದೇನೆ. ಮಣ್ಣಿಗೆ ಭತ್ತದ ಹೊಟ್ಟು ಕಲಸುತ್ತೇನೆ, ಹಗುರ ಆಗುತ್ತದೆ. ನಮ್ಮಲ್ಲಿ ರೈಸ್ ಮಿಲ್ಲಿಗೆ ಏನು ಬರ? ಹೊಟ್ಟು ಗಿಡದ ಬುಡಕ್ಕೆ ಮುಚ್ಚಿಗೆಯಾಗಿ ಹರಡಲೂ ಒಳ್ಳೇದು. ಆದರೆ ಒದ್ದೆ ಮಾಡಿ ಮೇಲೆ ಗೋಣಿಚೀಲ ಹಾಸಿ. ಒಂದು ಸಲ ಗಾಳಿ ಬಂದು ನಮ್ಮ ಹೊಟ್ಟು ಎಲ್ಲ ಪಕ್ಕದ ಮನೆಯವರ ಹಪ್ಪಳದ ಮೇಲೆ ಕೂತಿತ್ತು. ಮೂರು ದಿನ ಮಾತಿಲ್ಲ.

ನೀರಿನದೇ ದೊಡ್ಡ ಕಥೆ. ನಮ್ಮ ಬೋರಿನ ನೀರು ಸವುಳು. ಕುಂಡದ ಅಂಚಿಗೆ ಬಿಳಿ ಉಪ್ಪು ಕಟ್ಟುತ್ತದೆ. ಇನ್ನೊಂದು ದಡ್ಡತನ ಮಾಡಿದ್ದೆ. ಕೂಲರ್ ತೊಳೆಯುವಾಗ ಟ್ಯಾಂಕಿನಲ್ಲಿ ಉಳಿದ ನೀರು ಸುಮ್ನೆ ಯಾಕೆ ಚೆಲ್ಲಬೇಕು ಅಂತ ಕರಿಬೇವಿಗೆ ಹಾಕಿದೆ. ವಾರದೊಳಗೆ ಎಲೆಯ ಅಂಚೆಲ್ಲ ಕಂದು. ಕೂಲರ್‌ನಲ್ಲಿ ನೀರು ಆವಿಯಾಗಿ ಹೋಗುತ್ತದೆ, ಉಪ್ಪು ಅಲ್ಲೇ ಉಳಿದು ಗಟ್ಟಿಯಾಗುತ್ತ ಬರುತ್ತದೆ. ಅದನ್ನೇ ಬುಡಕ್ಕೆ ಸುರಿದಿದ್ದೆ! ಅಕ್ಕಿ ಬೇಳೆ ತೊಳೆದ ನೀರು ಹಾಕಿ, ಎಸಿ ಇದ್ದರೆ ಅದರ ಪೈಪಿನ ನೀರು ಹಾಕಿ, ಅದರಲ್ಲಿ ಉಪ್ಪಿಲ್ಲ. ಬಟ್ಟೆ ಒಗೆದ ನೀರು ಮಾತ್ರ ಬೇಡ.

ಈಗ ಡ್ರಮ್ಮಿಗೊಂದು ಮಣ್ಣಿನ ಗಡಿಗೆ ಕುತ್ತಿಗೆವರೆಗೆ ಹೂತಿದ್ದೇನೆ. ಬಣ್ಣ ಬಳಿದ ಗಡಿಗೆ ಆಗುವುದಿಲ್ಲ, ಜಿನುಗಬೇಕು. ನಳ ಬಂದ ದಿನ ತುಂಬಿಸಿ, ಸೊಳ್ಳೆ ಇಳಿಯದ ಹಾಗೆ ತಟ್ಟೆ ಮುಚ್ಚುತ್ತೇನೆ. ಮಣ್ಣು ಒಣಗಿದಷ್ಟು ನೀರು ಗಡಿಗೆಯಿಂದ ಹೊರಗೆ ಜಿನುಗುತ್ತದೆ. ಐದು ಲೀಟರಿನ ಗಡಿಗೆ ನನಗೆ ಮೂರು ದಿನ ಬರುತ್ತದೆ. ಮೇ ತಿಂಗಳಲ್ಲಿ ಎರಡೇ ದಿನ. ಇನ್ನು ಮಳೆ. 30×40 ಅಡಿ ತಾರಸಿ ಮೇಲೆ 30 ಮಿ.ಮೀ. ಮಳೆ ಬಿದ್ದರೆ 3,300 ಲೀಟರ್. ಒಂದೇ ಸಂಜೆಯ ಮಳೆಗೆ! ಮನೆಗೆ ಎಷ್ಟು ಖರ್ಚು ಮಾಡಿದರೂ ಆ ಪೈಪನ್ನು ಸೀದಾ ಚರಂಡಿಗೆ ಬಿಡುತ್ತೇವೆ.

ಬೇಸಿಗೆಯಲ್ಲಿ ನಾನು ಹೊಸದು ಏನೂ ಹಾಕುವುದಿಲ್ಲ. ತೊಂಡೆ, ನುಗ್ಗೆ, ಕರಿಬೇವು ಉಳಿದರೆ ಸಾಕು. ಪಶ್ಚಿಮದ ಗೋಡೆಯಿಂದ ಒಂದು ಅಡಿ ಬಿಟ್ಟು ತಂತಿ ಬಲೆ ಕಟ್ಟಿ ತೊಂಡೆ ಹಬ್ಬಿಸಿದ್ದೇನೆ. ನಡುವೆ ಗಾಳಿ ಆಡುತ್ತದೆ, ಗೋಡೆ ಕಾಯುವುದು ಕಡಿಮೆ. ಪುಂಡಿಪಲ್ಲೆ, ಚವಳಿಕಾಯಿ ಮಳೆ ಹಿಡಿದ ಮೇಲೆ. ಟೊಮ್ಯಾಟೊ ಚಳಿಗಾಲದ ಫಸಲಿಗೆ.

ಮೊನ್ನೆ ಪಕ್ಕದ ಮನೆಯವರೇ, ಹಪ್ಪಳದವರೇ, ಬಂದು "ಅಕ್ಕಾ, ನಮ್ಮ ತಾರಸಿಗೂ ಟೊಮ್ಯಾಟೊ ಹಚ್ಚಬೇಕಂತ ಮಾಡೀವಿ, ಬೀಜ ಅದಾವೇನು?" ಅಂದರು. ನಾನು ಬಾಯಿ ತೆರೆಯುವ ಮೊದಲೇ ಹೊರಸಿನ ಮೇಲಿದ್ದ ಅತ್ತೆ ಎದ್ದು, ತೊಂಡೆ ಬಳ್ಳಿಯ ಗೇಣುದ್ದ ತುಂಡು ಕತ್ತರಿಸಿ ಅವರ ಕೈಗಿಟ್ಟರು. "ಟೊಮ್ಯಾಟೊ ಆಮ್ಯಾಲ. ಹಂದರ ಹಾಕೀರೇನು?"